ಸಾಕುನಾಯಿಯ ಕಸುವು
(ಧಾರವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಧಾರವಾಡದಲ್ಲಿ ದತ್ತಿ ಉಪನ್ಯಾಸ ಎಂದೊಡನೆ ಕಾವ್ಯ, ಶಾಸನ, ಸಂಗೀತ ನೆನಪಿಗೆ ಬರುತ್ತವೆ. ಈ ಸಲ ಒಬ್ಬ ಪಶುವೈದ್ಯನನ್ನು ಕರೆದಿರಿ, ವಿಷಯವನ್ನೂ ಅವನಿಗೇ ಬಿಟ್ಟಿರಿ. ರೋಗದ ಬಗ್ಗೆ, ಲಸಿಕೆಯ ಬಗ್ಗೆ ಹೇಳುವವರು ಸಾಕಷ್ಟು ಮಂದಿ ಇದ್ದಾರೆ. ನಾನು ಆರಿಸಿಕೊಂಡದ್ದು ಆರೋಗ್ಯವಂತ ನಾಯಿಯ ಸ್ನಾಯುವನ್ನು. ಅದಕ್ಕೆ ಕಾರಣ, ಈಚಿನ ವರ್ಷಗಳಲ್ಲಿ ನಾಯಿ ಹಿಡಿದುಕೊಂಡು ಬರುವ ತರುಣರು ಮೇಲಿಂದ ಮೇಲೆ ಕೇಳುವ ಒಂದು ಪ್ರಶ್ನೆ: “ಡಾಕ್ಟರ್ರ, ನಮ್ಮ ನಾಯಿಗೆ ಬಾಡಿ ಬರಬೇಕ್ರಿ. ಏನ್ ಕೊಡಬೇಕು?”

ಕೇಳುವವನಲ್ಲಿ ನಾಯಿಯ ಮೇಲೆ ಪ್ರೀತಿ ಇರುವುದು ಕಣ್ಣಿಗೇ ಕಾಣುತ್ತದೆ. ಆದರೆ ಏನನ್ನೋ ಕೊಟ್ಟರೆ ಮೈ ಬರುತ್ತದೆ ಎಂಬ ನಂಬಿಕೆ ಆ ಪ್ರಶ್ನೆಯ ಒಳಗೇ ಕೂತಿದೆ. ಸ್ನಾಯು ಬೆಳೆಯುವುದು ದುಡಿಮೆಗೆ ಉತ್ತರವಾಗಿ. ಅದು ಗಟ್ಟಿಗೊಳ್ಳುವುದು ದುಡಿಮೆಯ ನಡುವಿನ ವಿಶ್ರಾಂತಿಯಲ್ಲಿ. ಊಟ ಇವೆರಡಕ್ಕೂ ಬೇಕಾದ ಸಾಮಗ್ರಿ ಒದಗಿಸುತ್ತದೆ, ಅಷ್ಟೇ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ನಾಯಿ ನಮ್ಮ ಜೊತೆ ಇರುವಾಗ ತನ್ನ ದಣಿವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಲು ನೋಯುತ್ತಿದ್ದರೂ ಚೆಂಡಿನ ಹಿಂದೆ ಓಡುತ್ತದೆ, ಬಿಸಿಲಿಗೆ ಮೈ ಕುದಿಯುತ್ತಿದ್ದರೂ ಸೈಕಲ್ಲಿನ ಪಕ್ಕ ಬರುತ್ತದೆ. ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನವನ್ನು ಅದು ಪೂರ್ತಿ ನಮ್ಮ ಕೈಗೆ ಒಪ್ಪಿಸಿಬಿಟ್ಟಿದೆ. ಈ ಹೊತ್ತಿನ ನನ್ನ ಮಾತೆಲ್ಲ ಆ ತೀರ್ಮಾನದ ಸುತ್ತಲೇ ಇರುತ್ತದೆ.

ಮೊದಲು ದೇಹ ರಚನೆಯನ್ನು ಸ್ವಲ್ಪ ನೋಡೋಣ. ನಮಗೆ ಕೊರಳ ಕೆಳಗೆ ಅಡ್ಡಲಾಗಿ ಒಂದು ಎಲುಬಿದೆ, ತೋಳನ್ನು ಎದೆಗೂಡಿಗೆ ಜೋಡಿಸುವುದು ಅದು. ನಾಯಿಗೆ ಆ ಎಲುಬು ಹೆಸರಿಗಷ್ಟೇ, ಬಹುಪಾಲು ಇಲ್ಲವೆಂದೇ ಹೇಳಬೇಕು. ಅದರ ಮುಂಗಾಲಿಗೂ ಮುಂಡಕ್ಕೂ ಎಲುಬಿನ ಜೋಡಣೆಯೇ ಇಲ್ಲ. ಎರಡು ಭುಜದೆಲುಬುಗಳ ನಡುವೆ ಇಡೀ ಎದೆಗೂಡು ಸ್ನಾಯುಗಳ ಆಸರೆಯಲ್ಲಿ ತೊಟ್ಟಿಲಿನ ಹಾಗೆ ತೂಗುತ್ತಿದೆ. ನಿಂತ ನಾಯಿಯ ತೂಕದಲ್ಲಿ ಸುಮಾರು ನೂರಕ್ಕೆ 60 ಪಾಲು ಬೀಳುವುದು ಈ ಮುಂಗಾಲುಗಳ ಮೇಲೆ. ಸೋಫಾದಿಂದ ಧುಮುಕಿದಾಗ, ಜೀಪಿನಿಂದ ಹಾರಿದಾಗ, ಓಟದ ನಡುವೆ ಗಕ್ಕನೆ ನಿಂತಾಗ ಆ ಹೊಡೆತವನ್ನೆಲ್ಲ ನುಂಗಬೇಕಾದದ್ದು ಸ್ನಾಯುವೇ.

ಮುಂದಕ್ಕೆ ತಳ್ಳುವ ಶಕ್ತಿ ಹಿಂಗಾಲಿನದು, ತೊಡೆ ಮತ್ತು ಪೃಷ್ಠದ ಸ್ನಾಯುಗಳದು. ಹಿಂಗಾಲಿನ ಮೊಣಕಾಲಿನ ಒಳಗೆ ಒಂದು ಅಸ್ಥಿರಜ್ಜು ಇದೆ, ತೊಡೆಯ ಎಲುಬಿನ ಕೆಳಗಿಂದ ಕಾಲಿನ ಎಲುಬು ಮುಂದಕ್ಕೆ ಜಾರದಂತೆ ತಡೆಯುವುದು ಅದರ ಕೆಲಸ. ಹಿಂಗಾಲು ಕುಂಟುತ್ತ ಬರುವ ನಾಯಿಗಳಲ್ಲಿ ಈ ರಜ್ಜು ಸವೆದು ಹರಿದಿರುವುದು ಪಶುವೈದ್ಯರು ಪದೇ ಪದೇ ಕಾಣುವ ಸಂಗತಿ. ಒಂದು ಕಾಲಿನಲ್ಲಿ ಹರಿದ ಮೇಲೆ ಇನ್ನೊಂದರಲ್ಲೂ ಹರಿಯುವುದು ಅಪರೂಪವಲ್ಲ. ಮೈತೂಕ ಹೆಚ್ಚಾದಂತೆ ಈ ಅಪಾಯವೂ ಹೆಚ್ಚುತ್ತದೆ. ಬಿಗಿಯಾದ ತೊಡೆ ಆ ಕೀಲಿಗೆ ಒಂದು ಕಾವಲು. ಸ್ನಾಯು ಚೆಂದಕ್ಕೆ ಬೇಕೆಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ: ನಿಮ್ಮ ನಾಯಿ ತನ್ನ ಹನ್ನೊಂದನೆಯ ವರ್ಷದಲ್ಲಿ ಯಾರ ಸಹಾಯವೂ ಇಲ್ಲದೆ ಮೂತ್ರಕ್ಕೆ ಎದ್ದು ಹೊರಗೆ ಹೋಗಬೇಕು. ಅದಕ್ಕಾಗಿ ಬೇಕು ಸ್ನಾಯು.

ಇರುವ ಸ್ನಾಯು ಎಷ್ಟು ಎಂದು ತಿಳಿಯುವುದು ಹೇಗೆ? ಕಣ್ಣು ಮೋಸ ಹೋಗುತ್ತದೆ, ಉದ್ದ ಕೂದಲಿನ ತಳಿಗಳಲ್ಲಂತೂ ಹೆಚ್ಚು. ಕೈಯಿಂದ ನೋಡಬೇಕು. ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಇಡಬೇಕು: ಒಂದು ಕೊಬ್ಬಿನದು, ಒಂದು ಸ್ನಾಯುವಿನದು. ಕೊಬ್ಬಿಗೆ ಪಶುವೈದ್ಯರು ಒಂಬತ್ತು ಅಂಕಗಳ ಅಳತೆ ಇಟ್ಟುಕೊಂಡಿದ್ದಾರೆ, ನಾಲ್ಕು ಅಥವಾ ಐದು ಸರಿಯಾದ ಮೈ. ಪಕ್ಕೆಲುಬಿನ ಮೇಲೆ ಬೆರಳು ಹಗುರವಾಗಿ ಆಡಿಸಿದರೆ ಒಂದೊಂದೂ ಲೆಕ್ಕಕ್ಕೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಒಳಕ್ಕೆ ಹೋಗಿರಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಮೇಲಕ್ಕೆ ಏರಿರಬೇಕು. ಪಕ್ಕೆಲುಬು ಹುಡುಕಲು ಒತ್ತಬೇಕಾಗಿ ಬಂದರೆ ನಾಯಿ ದಪ್ಪಗಾಗಿದೆ.

ಸ್ನಾಯುವಿಗೆ ಬೇರೆ ಜಾಗಗಳನ್ನು ಮುಟ್ಟಬೇಕು. ತಲೆಬುರುಡೆಯ ಎರಡು ಬದಿ, ಭುಜದೆಲುಬಿನ ಏಣು, ಬೆನ್ನೆಲುಬಿನ ಇಕ್ಕೆಲ, ಟೊಂಕದ ಎಲುಬಿನ ಸುತ್ತ. ಅಲ್ಲಿ ಎಲುಬು ಚೂಪಾಗಿ ಕೈಗೆ ತಾಕಿ, ಪಕ್ಕದಲ್ಲಿ ಗುಳಿ ಬಿದ್ದಿದ್ದರೆ ಸ್ನಾಯು ಕರಗಿದೆ ಎಂದು ಅರ್ಥ. ಜಾಗತಿಕ ಸಣ್ಣಪ್ರಾಣಿ ಪಶುವೈದ್ಯರ ಸಂಘ ಇದನ್ನು ನಾಲ್ಕು ಹಂತವಾಗಿ ವಿಂಗಡಿಸಿದೆ: ಸರಿಯಾಗಿದೆ, ತುಸು ಕರಗಿದೆ, ಸಾಕಷ್ಟು ಕರಗಿದೆ, ತೀರಾ ಕರಗಿದೆ. ಬಹಳ ಮಂದಿಗೆ ನಂಬಲಾಗದ ಸಂಗತಿ ಎಂದರೆ, ದಪ್ಪ ನಾಯಿಯಲ್ಲೂ ಸ್ನಾಯು ಕರಗಿರಬಹುದು. ಪಕ್ಕೆಯ ಮೇಲೆ ಕೊಬ್ಬಿನ ಪದರ, ಬೆನ್ನಿನ ಇಕ್ಕೆಲದಲ್ಲಿ ಗುಳಿ. ಮನೆಯೊಳಗೇ ಇದ್ದು ಮೊಸರನ್ನ ತಿಂದು ಮಲಗುವ ವಯಸ್ಸಾದ ಲ್ಯಾಬ್ರಡಾರ್‌ಗಳಲ್ಲಿ ಇದನ್ನು ನಾನು ಧಾರಾಳವಾಗಿ ಕಂಡಿದ್ದೇನೆ. ತಿಂಗಳಿಗೊಮ್ಮೆ ಎರಡೂ ತೊಡೆಗಳನ್ನು ಒಂದೇ ಎತ್ತರದಲ್ಲಿ, ನಾಯಿ ನೇರವಾಗಿ ನಿಂತಿರುವಾಗ, ದರ್ಜಿಯ ಟೇಪಿನಿಂದ ಅಳೆದು ಬರೆದಿಡಿ. ಒಂದು ಬದಿ ಸಣ್ಣಗಾಗುತ್ತ ಹೋದರೆ ನಾಯಿ ಆ ಕಾಲನ್ನು ಮೆಲ್ಲನೆ ಉಳಿಸಿಕೊಂಡು ನಡೆಯುತ್ತಿದೆ. ಕುಂಟು ನಮ್ಮ ಕಣ್ಣಿಗೆ ಬೀಳುವ ಎಷ್ಟೋ ಮುಂಚೆ ಟೇಪು ಅದನ್ನು ಹೇಳುತ್ತದೆ.

ಇಲ್ಲಿ ಮುಧೋಳ ನಾಯಿಯ ಮಾತು ಬರಲೇಬೇಕು. ಬಾಗಲಕೋಟೆ ಜಿಲ್ಲೆಯದು, ಘೋರ್ಪಡೆ ಸಂಸ್ಥಾನಿಕರ ಆಸರೆಯಲ್ಲಿ ಹೆಸರಾದದ್ದು, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದದ್ದು, ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇರುವುದು ಇದಕ್ಕಾಗಿಯೇ. ಈ ನಾಯಿಯನ್ನು ಊರೊಳಗೆ ಸಾಕಿದವರ ಪಾಡು ನನಗೆ ಗೊತ್ತು. ಬಂದವರೆಲ್ಲ “ಏನ್ರಿ, ಊಟಾ ಹಾಕಂಗಿಲ್ಲೇನು ಇದಕ್ಕ?” ಎಂದು ಕೇಳುತ್ತಾರೆ. ಯಜಮಾನ ನೊಂದುಕೊಂಡು ತುತ್ತು ಹೆಚ್ಚಿಸುತ್ತಾನೆ. ಒಂದು ವರ್ಷದಲ್ಲಿ ನಾಯಿ ದಪ್ಪಗಾಗುತ್ತದೆ, ಓಟ ಹೋಗುತ್ತದೆ, ಆ ತೆಳ್ಳನೆಯ ಕಾಲುಗಳ ಮೇಲೆ ಹೊರಲಾರದ ಭಾರ ಕೂರುತ್ತದೆ. ನೋಟದಿಂದ ಬೇಟೆ ಹಿಡಿಯುವ ಈ ಜಾತಿಯ ನಾಯಿಗಳಲ್ಲಿ ಕೊನೆಯ ಒಂದೆರಡು ಪಕ್ಕೆಲುಬು, ಟೊಂಕದ ಎಲುಬಿನ ತುದಿ ಕಾಣುವುದೇ ಸರಿ. ಅದರ ಬಲ ಇರುವುದು ಬೆನ್ನಿನ ಕೆಳಭಾಗದಲ್ಲಿ, ತೊಡೆಯಲ್ಲಿ. ಅಲ್ಲಿ ಕೈಯಿಟ್ಟು ನೋಡಿ, ಬಿಲ್ಲಾಗಿ ಬಾಗಿ ಬಿಚ್ಚುವ ಆ ಬೆನ್ನಿನ ಸ್ನಾಯು ಎಷ್ಟು ಬಿಗಿಯಾಗಿರುತ್ತದೆ. ನಾಗಾಲೋಟದಲ್ಲಿ ಈ ನಾಯಿ ಒಂದು ಸುತ್ತಿನ ಹೆಜ್ಜೆಯಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತದೆ, ಒಮ್ಮೆ ಮೈ ಮುದುಡಿದಾಗ, ಒಮ್ಮೆ ಮೈ ಚಾಚಿದಾಗ.

ಈ ನಾಯಿಯನ್ನು ಪಿಟ್‌ಬುಲ್ಲಿನ ಹಾಗೆ, ರಾಟ್‌ವೀಲರಿನ ಹಾಗೆ ಮಾಡಲು ಹೊರಡುವುದು ವ್ಯರ್ಥ. ಮೈಕಟ್ಟಿನ ಎಲ್ಲೆಯನ್ನು ತಳಿ ಮೊದಲೇ ಗೆರೆ ಎಳೆದಿಟ್ಟಿರುತ್ತದೆ. ಇದಕ್ಕೆ ವಿಜ್ಞಾನದಲ್ಲಿ ಒಂದು ಸೊಗಸಾದ ಸಾಕ್ಷಿ ಇದೆ. ಸ್ನಾಯು ಎಲ್ಲೆ ಮೀರಿ ಬೆಳೆಯದಂತೆ ತಡೆಯುವ ಮಯೋಸ್ಟಾಟಿನ್ ಎಂಬ ಪ್ರೋಟೀನ್ ಇದೆ. ಓಟಕ್ಕೆ ಹೆಸರಾದ ವಿಪೆಟ್ ತಳಿಯಲ್ಲಿ ಆ ಪ್ರೋಟೀನಿನ ಜೀನ್ ಕೆಟ್ಟಿರುವ ನಾಯಿಗಳಿವೆ ಎಂದು ಅಮೆರಿಕದ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಕೆಟ್ಟ ಪ್ರತಿ ಒಂದೇ ಇದ್ದರೆ ನಾಯಿ ಹೆಚ್ಚು ವೇಗವಾಗಿ ಓಡುತ್ತದೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡೂ ಬಂದರೆ ಮೈಯೆಲ್ಲ ಉಬ್ಬಿದ ಸ್ನಾಯುವಿನ ನಾಯಿ ಹುಟ್ಟುತ್ತದೆ, ಆ ಉಬ್ಬು ಅದನ್ನು ಇನ್ನಷ್ಟು ಒಳ್ಳೆಯ ಓಟಗಾರನನ್ನಾಗಿ ಮಾಡುವುದಿಲ್ಲ. ಮೊಬೈಲಿನಲ್ಲಿ ಕಾಣುವ ಉಬ್ಬಿದೆದೆಯ ನಾಯಿಗಳ ಚಿತ್ರ ತೋರಿಸಿ “ಹಿಂಗ್ ಮಾಡ್ರಿ” ಎನ್ನುವವರಿಗೆ ನಾನು ಈ ವಿಪೆಟ್ಟಿನ ಕತೆ ಹೇಳುತ್ತೇನೆ.

ಇನ್ನು ಕೊರಳಿಗೆ ಭಾರದ ಸರಪಳಿ ತೂಗಹಾಕುವುದು, ಎಳೆಯ ನಾಯಿಗೆ ಟೈರು ಕಟ್ಟಿ ಎಳೆಸುವುದು, ಯಾರೋ ಹೇಳಿದರೆಂದು ಸ್ಟೀರಾಯ್ಡ್ ಚುಚ್ಚುವುದು. ಇದರ ಬಗ್ಗೆ ಮೆತ್ತಗೆ ಮಾತಾಡಲು ನನ್ನಿಂದ ಆಗದು. ಕೊರಳಿನ ಭಾರ ಕುತ್ತಿಗೆಯ ಮಣಿಗಳನ್ನೂ ಮುಂಗಾಲಿನ ಕೀಲುಗಳನ್ನೂ ಹಾಳು ಮಾಡುತ್ತದೆ. ಸ್ಟೀರಾಯ್ಡ್ ಯಕೃತ್ತು, ಹೃದಯ, ಸಂತಾನಶಕ್ತಿ, ಸ್ವಭಾವ ಇವೆಲ್ಲಕ್ಕೂ ಪೆಟ್ಟು ಕೊಡುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಲ್ಲಿ ಪ್ರಾಣಿಯನ್ನು ಮಿತಿಮೀರಿ ದುಡಿಸುವುದು, ಹಾನಿಕರ ಔಷಧ ಕೊಡುವುದು, ಕಾದಾಟಕ್ಕೆ ಬಿಡುವುದು ಎಲ್ಲವೂ ಅಪರಾಧ. ಇದನ್ನು ಮಾಡುವವರನ್ನು ಕಂಡರೆ ಸುಮ್ಮನಿರಬೇಡಿ.

ಊಟಕ್ಕೆ ಬರೋಣ. ಮೊದಲ ಮಾತು ತೂಕದ್ದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ನೂರಕ್ಕೆ 25ರಷ್ಟು ಕಡಿಮೆ ಊಟ ಕೊಟ್ಟು, ಬದುಕಿನುದ್ದಕ್ಕೂ ಗಮನಿಸಿದರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚು ತಿಂದ ಗುಂಪಿನ ಮಧ್ಯಕ ಆಯಸ್ಸು 11.2 ವರ್ಷ, ಮಿತವಾಗಿ ತಿಂದ ಗುಂಪಿನದು 13. ಕೀಲು ಸವೆಯುವುದೂ ಮಿತವಾಗಿ ತಿಂದವುಗಳಲ್ಲಿ ತಡವಾಗಿ ಬಂತು. ಯಾವ ಔಷಧಿಯೂ ಇಲ್ಲದೆ ಸುಮಾರು ಎರಡು ವರ್ಷ ಹೆಚ್ಚಿನ ಬದುಕು. ಹಾಗಾಗಿ ದಪ್ಪ ನಾಯಿಯ ಯಜಮಾನರಿಗೆ ವ್ಯಾಯಾಮ ಹೇಳುವ ಮೊದಲು ನಾನು ಬಿಸ್ಕತ್ತು ನಿಲ್ಲಿಸಿ ಎನ್ನುತ್ತೇನೆ. ಚಹಾದ ಹೊತ್ತಿಗೆ ಮನೆಯ ಒಬ್ಬೊಬ್ಬರೂ ಎರಡೆರಡು ಹಾಕಿದರೆ ಸಂಜೆಯ ನಡಿಗೆಯ ಫಲವೆಲ್ಲ ಅಲ್ಲೇ ಮುಗಿಯಿತು.

ತೂಕ ಇಳಿಸುವಾಗ ಊಟವನ್ನೆಲ್ಲ ಸಮನಾಗಿ ಕತ್ತರಿಸಿದರೆ ಪ್ರೋಟೀನ್ ಕೂಡ ಕಡಿಮೆಯಾಗಿ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಅನ್ನ, ಚಪಾತಿ, ಬಿಸ್ಕತ್ತು ಇಳಿಸಿ. ಮೊಟ್ಟೆ, ಮಾಂಸ, ಮೀನು ಉಳಿಸಿ. ಹದವಾಗಿ ಓಡಾಡುವ 25 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 1200 ಕಿಲೋ ಕ್ಯಾಲೊರಿಯ ಊಟ ಸಾಕು, ಅದರಲ್ಲಿ 55ರಿಂದ 60 ಗ್ರಾಂ ಪ್ರೋಟೀನ್ ಇರಲಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಎಲುಬಿಲ್ಲದ ಬೇಯಿಸಿದ ಕೋಳಿಮಾಂಸ 100 ಗ್ರಾಮಿನಲ್ಲಿ 25 ಗ್ರಾಮಿಗೆ ಮೇಲೆ, ಮೊಸರು 100 ಗ್ರಾಮಿನಲ್ಲಿ ಮೂರು-ನಾಲ್ಕು ಗ್ರಾಂ ಮಾತ್ರ. ಲೆಕ್ಕ ನೀವೇ ಹಾಕಿ. ಬರೀ ಮೊಸರನ್ನದ ಮೇಲೆ ನಾಯಿಗೆ ಕಸುವು ಬರಲಿ ಎನ್ನುವುದು ಆಗದ ಮಾತು. ಮಾಂಸ ಒಲ್ಲದ ಮನೆಗಳಲ್ಲಿ ಮೊಟ್ಟೆಗಾದರೂ ಒಪ್ಪಿಗೆ ಸಿಕ್ಕರೆ ಅರ್ಧ ದಾರಿ ಸಾಗಿದಂತೆ. ಅದೂ ಇಲ್ಲವೆಂದರೆ ಸಮತೋಲದ ತಯಾರಿ ಆಹಾರವೇ ಕ್ಷೇಮ. ಪನೀರು ಕೊಡುವವರು ಅದರಲ್ಲಿ ಕೊಬ್ಬೂ ಅಷ್ಟೇ ಇರುತ್ತದೆಂಬುದನ್ನು ಮರೆಯಬಾರದು. ಒಮ್ಮೆಲೇ ಹೆಚ್ಚು ಕೊಬ್ಬು ತಿಂದ ನಾಯಿಗೆ ಮೇದೋಜೀರಕ ಗ್ರಂಥಿ ಬಾತು ಪ್ರಾಣಕ್ಕೆ ಬರಬಹುದು.

ಮನುಷ್ಯರ ಜಿಮ್ಮಿನ ಪ್ರೋಟೀನ್ ಪುಡಿಯನ್ನು ನಾಯಿಗೆ ಹಾಕಬೇಡಿ. ಕೆಲವದರಲ್ಲಿ ಸಿಹಿಗಾಗಿ ಕ್ಸೈಲಿಟಾಲ್ ಬೆರೆಸಿರುತ್ತಾರೆ. ಅದು ನಾಯಿಯ ರಕ್ತದ ಸಕ್ಕರೆಯನ್ನು ಹಠಾತ್ತನೆ ಕುಸಿಸಿ, ಯಕೃತ್ತನ್ನೂ ಕೆಡಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ. ನಮ್ಮ ಮನೆಯ ಸಾರು ಕಲಸಿ ಹಾಕುವಾಗ ಈರುಳ್ಳಿಯ ನೆನಪಿರಲಿ.

ಮರಿಗಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ದೊಡ್ಡ ತಳಿಯ ಮರಿ ತಂದ ದಿನವೇ ಔಷಧಿ ಅಂಗಡಿಯಿಂದ ಕ್ಯಾಲ್ಸಿಯಂ ಟಾನಿಕ್ ತರುವುದು ನಮ್ಮಲ್ಲಿ ರೂಢಿಯೇ ಆಗಿದೆ. ಎಲುಬು ಗಟ್ಟಿಯಾಗಲಿ ಎಂಬ ಆಸೆ ಅದು. ಆದರೆ ಎಳೆಯ ಮರಿಯ ಕರುಳಿಗೆ ಬೇಡದ ಕ್ಯಾಲ್ಸಿಯಮ್ಮನ್ನು ಹೊರಗಿಡುವ ಶಕ್ತಿ ಇನ್ನೂ ಬಂದಿರುವುದಿಲ್ಲ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ, 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅತಿಯಾದ ಕ್ಯಾಲ್ಸಿಯಂ ತಿಂದ ಮರಿಗಳ ಎಲುಬು ಮತ್ತು ಮೃದ್ವಸ್ಥಿಯ ಬೆಳವಣಿಗೆಯೇ ಕೆಟ್ಟಿತ್ತು. ಮರಿಗಳಿಗೆಂದೇ ಮಾಡಿದ ಸಮತೋಲದ ಆಹಾರ ತಿನ್ನುವ ಮರಿಗೆ ಟಾನಿಕ್ ಬೇಕಾಗಿಲ್ಲ. ಮನೆಯಲ್ಲೇ ಬೇಯಿಸಿ ಹಾಕುವವರಿಗೆ ಕ್ಯಾಲ್ಸಿಯಂ ಸೇರಿಸಲೇಬೇಕು, ಆದರೆ ಅದರ ಅಳತೆಯನ್ನು ಪಶುವೈದ್ಯರೇ ಬರೆದುಕೊಡಲಿ.

ಬೆಳೆಯುವ ನಾಯಿಯ ಉದ್ದ ಎಲುಬುಗಳ ತುದಿಯಲ್ಲಿ ಮೆತ್ತನೆಯ ಬೆಳವಣಿಗೆಯ ಪದರ ಇರುತ್ತದೆ. ಚಿಕ್ಕ ತಳಿಗಳಲ್ಲಿ ಎಂಟು-ಹತ್ತು ತಿಂಗಳಿಗೆ, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥವುಗಳಲ್ಲಿ 12ರಿಂದ 18 ತಿಂಗಳ ನಡುವೆ, ದೈತ್ಯ ತಳಿಗಳಲ್ಲಿ ಇನ್ನೂ ತಡವಾಗಿ ಅದು ಎಲುಬಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಎತ್ತರದ ಜಿಗಿತ, ಟಾರು ರಸ್ತೆಯ ಮೇಲೆ ಉದ್ದ ಓಟ, ಭಾರ ಎಳೆಸುವುದು ಯಾವುದೂ ಬೇಡ. ಹಾಗೆಂದು ಮರಿಯನ್ನು ಕಟ್ಟಿಹಾಕಿ ಕೂರಿಸುವುದೂ ತಪ್ಪು. ನಾರ್ವೆಯಲ್ಲಿ ನ್ಯೂಫೌಂಡ್‌ಲ್ಯಾಂಡ್, ಲ್ಯಾಬ್ರಡಾರ್, ಲಿಯಾನ್‌ಬರ್ಗರ್, ಐರಿಷ್ ವುಲ್ಫ್‌ಹೌಂಡ್ ತಳಿಗಳ ಮರಿಗಳನ್ನು ಹುಟ್ಟಿನಿಂದ ಗಮನಿಸಿದವರು 2012ರಲ್ಲಿ ಹೇಳಿದ್ದು: ಮೂರು ತಿಂಗಳ ಒಳಗೆ ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಟೊಂಕದ ಕೀಲಿನ ದೋಷದ ಅಪಾಯ ಹೆಚ್ಚು, ಮೆತ್ತನೆಯ ನೆಲದಲ್ಲಿ ತಮ್ಮಿಷ್ಟದಂತೆ ಆಡಿಕೊಂಡವುಗಳಲ್ಲಿ ಕಡಿಮೆ. ಮೂರನೆಯ ಮಾಳಿಗೆಯಲ್ಲಿ ಇರುವವರು ಮರಿಯನ್ನು ಎತ್ತಿಕೊಂಡು ಇಳಿಯಿರಿ. ಅಂಗಳದ ಮಣ್ಣಿನಲ್ಲಿ ಬಿಟ್ಟುಬಿಡಿ. ಸಾಕಾದಾಗ ಕೂರಲು, ಮಲಗಲು ಅದಕ್ಕೆ ಸ್ವಾತಂತ್ರ್ಯವಿರಲಿ.

ಬೆಳೆದ, ಆರೋಗ್ಯವಾಗಿರುವ ನಾಯಿಯ ವ್ಯಾಯಾಮ ಹೇಗಿರಬೇಕು? ಮೊದಲಿಗೆ ಪಶುವೈದ್ಯರಿಂದ ಹೃದಯ, ಕೀಲು ಪರೀಕ್ಷೆ ಮಾಡಿಸಿ. ಆಮೇಲೆ ಬರುವುದು ನಡಿಗೆ. ನಡಿಗೆಯನ್ನು ಹಗುರವಾಗಿ ಕಾಣುವವರು ಬಹಳ, ಆದರೆ ಬೆಲ್ಟು ಹಿಡಿದು ನಿಧಾನವಾಗಿ ನಡೆಸಿದಾಗ ನಾಯಿ ನಾಲ್ಕೂ ಕಾಲನ್ನು ಒಂದೊಂದಾಗಿ ಊರಲೇಬೇಕು, ನೋಯುವ ಕಾಲನ್ನು ಎತ್ತಿಕೊಂಡು ಹೋಗಲು ಆಗುವುದಿಲ್ಲ. ಓಟದಲ್ಲಿ ಅದು ಮುಚ್ಚಿಕೊಂಡು ಹೋಗುತ್ತದೆ. ನಡಿಗೆಯ ಮೇಲಿನ ಹಂತ ಟ್ರಾಟ್. ಬಲ ಮುಂಗಾಲು ಎಡ ಹಿಂಗಾಲು ಒಟ್ಟಿಗೆ, ಎಡ ಮುಂಗಾಲು ಬಲ ಹಿಂಗಾಲು ಒಟ್ಟಿಗೆ ಬೀಳುವ ಹದವಾದ ಓಟ ಅದು. ಎರಡೂ ಬದಿ ಸಮನಾಗಿ ದುಡಿಯುವುದರಿಂದ ಕಸುವು ಕಟ್ಟಲು ಇದಕ್ಕಿಂತ ಒಳ್ಳೆಯ ಗತಿ ಇಲ್ಲ. ದೊಡ್ಡ ನಾಯಿಯನ್ನು ಟ್ರಾಟಿನಲ್ಲಿ ಇಡಬೇಕೆಂದರೆ ನೀವು ಬಿರುಸಾಗಿ ನಡೆಯಬೇಕು, ನಿಮಗೂ ಒಳ್ಳೆಯದೇ.

ಧಾರವಾಡದವರಿಗೆ ಒಂದು ಭಾಗ್ಯ ಇದೆ, ಏರಿಳಿತದ ನೆಲ. ವಿಶ್ವವಿದ್ಯಾಲಯದ ಗುಡ್ಡದ ಏರಿನಲ್ಲಿ ನಾಯಿಯನ್ನು ಮೆಲ್ಲನೆ ನಡೆಸಿಕೊಂಡು ಹೋದರೆ ಭಾರ ಹಿಂಗಾಲಿಗೆ ವಾಲುತ್ತದೆ, ತೊಡೆ ಮತ್ತು ಪೃಷ್ಠ ದುಡಿಯುತ್ತವೆ. ಇಳಿಜಾರಿನಲ್ಲಿ ಭಾರ ಮುಂಗಾಲಿಗೆ ಬರುತ್ತದೆ. ಇಳಿಯುವಾಗ ಇನ್ನೂ ನಿಧಾನ. ಭುಜ ನೋವಿರುವ ನಾಯಿಗೆ ಇಳಿಜಾರು ಬೇಡ. ಕೆಲಗೇರಿ ಕೆರೆಯ ದಂಡೆಯಂಥ ಮಣ್ಣುದಾರಿ ಸಿಕ್ಕರೆ ಟಾರು ರಸ್ತೆ ಬಿಡಿ. ಕೆರೆಯೊಳಗೆ ಮಾತ್ರ ಇಳಿಸಬೇಡಿ, ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ನಿಂತ ನೀರಿನಲ್ಲಿ ಕಾದಿರುತ್ತದೆ. ಈಜು ಕೀಲು ನೋಯಿಸದ ಒಳ್ಳೆಯ ವ್ಯಾಯಾಮವೇ. ಆದರೆ ಅದಕ್ಕೆ ಶುದ್ಧ ನೀರು, ನಾಯಿಯ ಲೈಫ್ ಜಾಕೆಟ್, ಪಕ್ಕದಲ್ಲಿ ಒಬ್ಬ ಮನುಷ್ಯ ಇರಬೇಕು.

ಮನೆಯೊಳಗೇ ಮಾಡಿಸಬಹುದಾದ ಕೆಲವು ಅಭ್ಯಾಸಗಳಿವೆ. ನಾಯಿಯನ್ನು ನೆಟ್ಟಗೆ ಕೂರಿಸಿ, ಮೂಗಿನ ಮುಂದೆ ತಿಂಡಿ ಹಿಡಿದು ಏಳಿಸಿ, ಮತ್ತೆ ಕೂರಿಸಿ. ನಮ್ಮ ಬೈಠಕ್ಕಿನ ಕೆಲಸವನ್ನೇ ಇದು ಅದರ ತೊಡೆಗೆ ಮಾಡುತ್ತದೆ. ಒಂದು ಕಾಲನ್ನು ಹೊರಗೆ ಚಾಚಿ ವಾರೆಯಾಗಿ ಕೂತರೆ ಲೆಕ್ಕವಿಲ್ಲ. ಐದು ಸಲ ಚೊಕ್ಕವಾಗಿ ಮಾಡಿಸಿದ್ದು ಹದಿನೈದು ಸಲ ಹೇಗೋ ಮಾಡಿಸಿದ್ದಕ್ಕಿಂತ ಮೇಲು. ಮುಂಗಾಲೆರಡನ್ನೂ ಒಂದು ಗಟ್ಟಿ ಮೆಟ್ಟಿಲಿನ ಮೇಲೆ ಇರಿಸಿ ಅರೆಗಳಿಗೆ ನಿಲ್ಲಿಸಿ, ಹಿಂಗಾಲಿಗೆ ಭಾರ ಬೀಳುತ್ತದೆ. ಗೋಡೆ ಮತ್ತು ಸೋಫಾದ ನಡುವಿನ ಇಕ್ಕಟ್ಟಿನಲ್ಲಿ ಹಿಂದಕ್ಕೆ ನಡೆಸಿ. ಪ್ಲಾಸ್ಟಿಕ್ ಪೈಪುಗಳನ್ನು ನೆಲದ ಮೇಲೆ, ನಾಯಿಯ ಭುಜದ ಎತ್ತರದಷ್ಟು ಅಂತರ ಬಿಟ್ಟು ಸಾಲಾಗಿ ಇಡಿ, ಅದರ ಮಣಿಕಟ್ಟಿಗಿಂತ ಕೆಳಗೇ ಇರಲಿ. ಮೆಲ್ಲನೆ ದಾಟಿಸಿದರೆ ಒಂದೊಂದು ಹೆಜ್ಜೆಯನ್ನೂ ಎತ್ತಿ ಇಡುವುದು ಕಲಿಯುತ್ತದೆ. ಪೈಪಿಗೆ ಕಾಲು ತಗುಲಿದರೆ ಉರುಳಿಹೋಗುವಂತಿರಬೇಕು, ಕಟ್ಟಿ ಬಿಗಿಯಬೇಡಿ.

ಬಲದ ಈ ಅಭ್ಯಾಸಗಳು ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು. ಬಿಡುವಿನ ದಿನ ಎಂದರೆ ಸುಮ್ಮನೆ ಮೂಸುತ್ತ ತಿರುಗಾಡುವ ನಡಿಗೆ. ಮೊದಲು ಐದು ಹತ್ತು ನಿಮಿಷ ನಡೆಸಿ ಮೈ ಬೆಚ್ಚಗೆ ಮಾಡಿ, ಮುಗಿದ ಮೇಲೂ ಹಾಗೇ ನಡೆಸಿ ತಣಿಸಿ. ಹೊತ್ತನ್ನಾಗಲಿ ಸಂಖ್ಯೆಯನ್ನಾಗಲಿ ವಾರಕ್ಕೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಏರಿಸಬೇಡಿ, ಎರಡನ್ನೂ ಒಂದೇ ವಾರ ಏರಿಸಲೇಬೇಡಿ. ಕೈಗೆ ತಿಳಿಯುವಷ್ಟು ಬದಲಾವಣೆ ಬರಲು ಆರೆಂಟು ವಾರ ಬೇಕು. ಸ್ನಾಯುರಜ್ಜು, ಅಸ್ಥಿರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಉಸಿರಿಗೆ ಮೊದಲು ಬಲ ಬರುತ್ತದೆ, ಸ್ನಾಯುವಿಗೆ ಆಮೇಲೆ, ರಜ್ಜುವಿಗೆ ಕಡೆಗೆ. ಮೂರನೆಯ ವಾರಕ್ಕೆ ನಾಯಿ ಹುರುಪಿನಿಂದ ಎಳೆಯತೊಡಗಿದಾಗ ಅದರ ಉಸಿರು ಸಿದ್ಧವಾಗಿರುತ್ತದೆ, ಮೊಣಕಾಲು ಸಿದ್ಧವಾಗಿರುವುದಿಲ್ಲ. ಹೆಚ್ಚಿನ ಪೆಟ್ಟು ಬೀಳುವುದು ಆ ಹೊತ್ತಿನಲ್ಲಿ. ಮರುದಿನ ಏಳುವಾಗ ಬಿಗಿತ, ಹೆಜ್ಜೆಯ ಉದ್ದ ಕುಗ್ಗುವುದು, ತಲೆ ಆಡಿಸಿ ನಡೆಯುವುದು, ಮೆಟ್ಟಿಲಿನ ಎದುರು ಅಳುಕುವುದು ಇವು ಕಂಡರೆ ಹಿಂದಿನ ದಿನ ಹೆಚ್ಚಾಯಿತು.

ಚೆಂಡು ಎಸೆಯುವ ಆಟವನ್ನೇ ವ್ಯಾಯಾಮವೆಂದು ನಂಬಿದವರು ಇಲ್ಲಿಯೂ ಇದ್ದೀರಿ. ಮೈ ಬೆಚ್ಚಗಾಗದ ನಾಯಿ ಒಮ್ಮೆಲೇ ಪೂರ್ತಿ ವೇಗಕ್ಕೆ ಹೋಗಿ, ಗಕ್ಕನೆ ನಿಂತು, ಗಾಳಿಯಲ್ಲಿ ಮೈ ತಿರುಚಿ ಒಂದೇ ಹಿಂಗಾಲಿನ ಮೇಲೆ ಇಳಿಯುವುದನ್ನು ಒಮ್ಮೆ ಗಮನಿಸಿ ನೋಡಿ. ಇದನ್ನೇ ನಲವತ್ತು ಸಲ. ಆಟ ಪೂರ್ತಿ ನಿಲ್ಲಿಸಬೇಕಿಲ್ಲ. ನೆಲದಲ್ಲೇ ಉರುಳಿಸಿ, ಚೆಂಡು ನಿಂತ ಮೇಲೆ ನಾಯಿಯನ್ನು ಬಿಡಿ, ಏಳೆಂಟು ಸಲಕ್ಕೆ ಮುಗಿಸಿ.

ನಮ್ಮ ಮನೆಗಳ ನೆಲವೂ ಒಂದು ತೊಂದರೆ. ನುಣುಪು ಟೈಲ್ಸು, ಪಾಲಿಷ್ ಗ್ರಾನೈಟು. ಬಾಗಿಲ ಗಂಟೆ ಬಾರಿಸಿದೊಡನೆ ಓಡುವ ನಾಯಿಯ ಹಿಂಗಾಲು ಎರಡೂ ಕಡೆ ಜಾರುತ್ತದೆ, ತೊಡೆಸಂದಿಯ ಸ್ನಾಯು ಸೆಳೆಯುತ್ತದೆ. ಅದು ಓಡಾಡುವ ಹಾದಿಗೆ ರಬ್ಬರಿನ ಚಾಪೆ ಹಾಸಿ. ಉಗುರು ಕತ್ತರಿಸಿ, ನಡೆಯುವಾಗ ಟಕಟಕ ಸದ್ದು ಬಂದರೆ ಉಗುರು ಉದ್ದವಾಗಿದೆ.

ಬಿಸಿಲಿನ ವಿಷಯ. ನಾಯಿಯ ಮೈ ಬೆವರುವುದಿಲ್ಲ, ಬೆವರಿನ ಗ್ರಂಥಿಗಳಿರುವುದು ಮುಖ್ಯವಾಗಿ ಅಂಗಾಲಿನಲ್ಲಿ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದು ತಂಪಾಗುವ ದಾರಿ. ಅದರ ಸಹಜ ಮೈಶಾಖ ಸುಮಾರು 38ರಿಂದ 39 ಡಿಗ್ರಿ, 41 ದಾಟಿದರೆ ಒಳಗಿನ ಅಂಗಗಳು ಕೆಡತೊಡಗುತ್ತವೆ. ಓಡುವ ಸ್ನಾಯು ತಾನೇ ಶಾಖ ಹುಟ್ಟಿಸುವುದರಿಂದ ಬಿಸಿಲಿಲ್ಲದ ಸೆಖೆಯ ದಿನವೂ ಅಪಾಯ ಇದ್ದೇ ಇದೆ. ಬಾಗಲಕೋಟೆ, ವಿಜಯಪುರದ ಕಡೆಯವರು ಮಾರ್ಚಿನಿಂದ ಮಳೆ ಬೀಳುವವರೆಗೆ ನಸುಕಿನಲ್ಲೇ ವ್ಯಾಯಾಮ ಮುಗಿಸಬೇಕು. ಸಂಜೆ ಗಾಳಿ ತಂಪಾದರೂ ಟಾರು ಕಾದಿರುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳೆಣಿಸುವ ತನಕ ಇಡಲಾಗದಿದ್ದರೆ ನಾಯಿಯನ್ನೂ ನಡೆಸಬೇಡಿ. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂಗಿನವಕ್ಕೆ ಉಸಿರಿನ ಹಾದಿಯೇ ಇಕ್ಕಟ್ಟು, ಅವುಗಳ ವ್ಯಾಯಾಮ ಚಿಕ್ಕ ಚಿಕ್ಕ ನಡಿಗೆಗಳಲ್ಲೇ ಮುಗಿಯಬೇಕು. ನಾಲಿಗೆ ಅಗಲವಾಗಿ ಚಾಚಿ, ಒಸಡು ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ಹೆಜ್ಜೆ ತಪ್ಪತೊಡಗಿದರೆ ಮೊದಲು ನಲ್ಲಿನೀರು ಸುರಿಯಿರಿ, ಗಾಳಿ ಬೀಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಒದ್ದೆ ಟವೆಲಿನಲ್ಲಿ ಸುತ್ತಿಡಬೇಡಿ, ಶಾಖ ಒಳಗೇ ಉಳಿಯುತ್ತದೆ.

ಲ್ಯಾಬ್ರಡಾರ್ ಸಾಕಿದವರಿಗೆ ಇನ್ನೊಂದು ಸೂಚನೆ. ಐದರಿಂದ ಇಪ್ಪತ್ತು ನಿಮಿಷ ಬಿರುಸಾಗಿ ಓಡಿದ ಮೇಲೆ ಹಿಂಗಾಲು ತೂರಾಡಿ ಕುಸಿಯುವ ಒಂದು ಆನುವಂಶಿಕ ತೊಂದರೆ ಈ ತಳಿಯಲ್ಲಿದೆ. ಅದರ ಜೀನನ್ನು 2008ರಲ್ಲಿ ಗುರುತಿಸಿದರು. ಅಂಥ ನಾಯಿಗೆ ದಿನನಿತ್ಯದ ನಡಿಗೆ ಅಡ್ಡಿಯಿಲ್ಲ, ಉದ್ವೇಗದ ಓಟ ಕೂಡದು.

ಚೆನ್ನಾಗಿ ಓಡುತ್ತಿದ್ದ ನಾಯಿ ಒಂದು ವಾರದಿಂದ ಹಿಂದೆ ಬೀಳುತ್ತಿದೆ ಎಂದರೆ ಸೋಮಾರಿತನ ಎಂದು ಎಳೆಯಬೇಡಿ. ನಮ್ಮ ನಾಡಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಉಣ್ಣಿಯನ್ನು. ಉಣ್ಣಿ ತರುವ ಎರ್ಲಿಕಿಯಾ, ಬೆಬೀಸಿಯಾ ಸೋಂಕುಗಳಲ್ಲಿ ರಕ್ತ ಕೆಡುತ್ತದೆ. ತುಟಿ ಎತ್ತಿ ಒಸಡು ನೋಡಿ, ಬಿಳಿಚಿದ್ದರೆ ಅಂದೇ ರಕ್ತಪರೀಕ್ಷೆ ಮಾಡಿಸಿ. ಕುಂಟಿದರೆ ಮನೆಯ ಡಬ್ಬಿಯಲ್ಲಿರುವ ನೋವಿನ ಗುಳಿಗೆ ನುಂಗಿಸಬೇಡಿ. ಡೈಕ್ಲೊಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ನೋವು ಮರೆಸಿ ಓಡಿಸಿದರೆ ಅರ್ಧ ಹರಿದ ರಜ್ಜು ಪೂರ್ತಿ ಹರಿಯುತ್ತದೆ.

ಮುದಿ ನಾಯಿಗಳ ಬಗ್ಗೆ ಮಾತಾಡದೆ ಈ ವಿಷಯ ಪೂರ್ತಿಯಾಗದು. “ವಯಸ್ಸಾತ್ರಿ, ಇನ್ನ ಮಲಗಲಿ ಬಿಡ್ರಿ” ಎನ್ನುತ್ತಾರೆ, ಕರುಣೆಯಿಂದಲೇ. ಆದರೆ ಸ್ನಾಯು ಬೇಗ ಕರಗುವ ವಯಸ್ಸು ಅದೇ. ಮಲಗಿದಷ್ಟೂ ಕರಗುತ್ತದೆ, ಕರಗಿದಷ್ಟೂ ಏಳಲು ಕಷ್ಟ. ಮೂತ್ರಪಿಂಡದ ಕಾಯಿಲೆ ಇಲ್ಲದಿದ್ದರೆ ಮುದಿ ನಾಯಿಗೆ ಪ್ರೋಟೀನ್ ಇಳಿಸಬಾರದು, ಪ್ರಾಯದ ನಾಯಿಗಿಂತ ತುಸು ಹೆಚ್ಚೇ ಇರಲಿ. ಒಂದು ಉದ್ದ ನಡಿಗೆಯ ಬದಲು ಹತ್ತು ಹತ್ತು ನಿಮಿಷದ ಮೂರು ನಡಿಗೆ. ಬೈಠಕ್ಕು ಎರಡು ಮೂರು ಸಲ, ಚಾಪೆಯ ಮೇಲೆ. ನಿಂತಿರುವಾಗ ಟೊಂಕದ ಮೇಲೆ ಕೈಯಿಟ್ಟು ಮೆಲ್ಲನೆ ಎಡಕ್ಕೂ ಬಲಕ್ಕೂ ಒತ್ತಿ, ಬೀಳದಂತೆ ಅದು ತನ್ನನ್ನು ತಾನೇ ಹಿಡಿದುಕೊಳ್ಳುವುದೇ ವ್ಯಾಯಾಮ. ಕೀಲು ನೋವಿದ್ದರೆ ನಾಯಿಗೆಂದೇ ಇರುವ ಔಷಧವನ್ನು ವೈದ್ಯರಿಂದ ಬರೆಸಿಕೊಂಡು, ನೋವು ಹತೋಟಿಗೆ ಬಂದ ಮೇಲೆ ಇದನ್ನೆಲ್ಲ ಶುರುಮಾಡಿ. ಹಿಂಗಾಲಿನ ಉಗುರಿನ ಮೇಲ್ಭಾಗ ಸವೆದಿದ್ದರೆ, ಪಾದ ಮಡಚಿ ಎಳೆಯುತ್ತಿದ್ದರೆ ಅದು ಸ್ನಾಯುವಿನ ತೊಂದರೆಯಾಗಿರದೆ ಬೆನ್ನುಹುರಿಯದ್ದಿರಬಹುದು. ಆಗ ಮನೆಯ ಅಭ್ಯಾಸಗಳನ್ನೆಲ್ಲ ನಿಲ್ಲಿಸಿ, ನಾಯಿ ನಡೆಯುವುದನ್ನು ಹಿಂದಿನಿಂದಲೂ ಪಕ್ಕದಿಂದಲೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ವೈದ್ಯರ ಬಳಿಗೆ ಹೋಗಿ. ಆಸ್ಪತ್ರೆಯ ಗಾಬರಿಯಲ್ಲಿ ನಾಯಿ ತನ್ನ ನಿಜವಾದ ನಡಿಗೆಯನ್ನು ತೋರಿಸುವುದಿಲ್ಲ. ಮನೆಯಂಗಳದ ಅರ್ಧ ನಿಮಿಷದ ಚಿತ್ರ ನಮಗೆ ಬಹಳ ಕೆಲಸಕ್ಕೆ ಬರುತ್ತದೆ.